ಮಾಗನೂರಿನಿಂದ ಡಲ್ಲಾಸ್‌ವರೆಗೆ: ದೂರದ ದಾರಿ ಹಿಡಿಯುವವರಿಗೆ ಕಿವಿಮಾತು

ನಮ್ಮ ಸೀಮೆಯವರಿಗೆ ದೂರ ಹೋಗುವುದು ಹೊಸದಲ್ಲ. ಅಣೆಕಟ್ಟು, ಕಾಲುವೆ, ರಸ್ತೆ ಕೆಲಸ ಎಂದು ಪಾಲಮೂರಿನ, ಅಂದರೆ ಮಹಬೂಬನಗರ ಸೀಮೆಯ, ಕೂಲಿಯವರು ದೇಶದ ಮೂಲೆಮೂಲೆ ತಿರುಗಿದ್ದಾರೆ. ಬೊಂಬಾಯಿ, ಪುಣೆ, ಬೆಂಗಳೂರಿಗೆ ಜನ ಮೂಟೆ ಕಟ್ಟಿಕೊಂಡು ಹೊರಡುವುದನ್ನು ನೋಡುತ್ತಲೇ ನಾವು ದೊಡ್ಡವರಾದೆವು. ಈಗ ಅದೇ ಮನೆಗಳ ಮೊಮ್ಮಕ್ಕಳು ಡಲ್ಲಾಸ್, ಶಿಕಾಗೋ, ದುಬೈ, ರಿಯಾದ್ ಎನ್ನುತ್ತಿದ್ದಾರೆ. ಟಿಕೆಟ್ ತೆಗೆದ ದಿನ ಮೊಬೈಲ್ ಹಿಡಿದು ತೋರಿಸುತ್ತಾರೆ: ಇಲ್ಲಿಂದ ಅಲ್ಲಿಗೆ ಇಷ್ಟು ಸಾವಿರ ಕಿಲೋಮೀಟರ್, ಇಷ್ಟು ಗಂಟೆ. ಆ ಅಂಕಿಗಳು ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಹಿಡಿದ ಲೆಕ್ಕ. ನೀವು ಹೊರಡುವುದು ಮಾಗನೂರಿನ ಮನೆಯ ಹೊಸ್ತಿಲಿನಿಂದ, ಮುಟ್ಟುವುದು ಅಲ್ಲಿಯ ಕೋಣೆಯ ಬಾಗಿಲಿಗೆ. ನಿಮ್ಮ ಲೆಕ್ಕ ಹೊಸ್ತಿಲಿನಿಂದ ಬಾಗಿಲಿನವರೆಗೆ ಇರಬೇಕು. ಶಾಲೆಯಲ್ಲಿ ಭೂಗೋಳ ಕಲಿಸಿದವನು, ಮಗಳನ್ನು ಅಮೆರಿಕಕ್ಕೆ ಕಳಿಸಿದವನು ಎಂಬ ಸಲಿಗೆಯಿಂದ ಕೆಲವು ಮಾತು ಬರೆದಿಡುತ್ತಿದ್ದೇನೆ.

• ಮೊದಲು ದೂರವನ್ನು ಗ್ಲೋಬಿನ ಮೇಲೆ ನೋಡಿ. ಗೋಡೆಯ ನಕ್ಷೆ ನೋಡಿದವರು, ಅಮೆರಿಕಕ್ಕೆ ಹೋಗುವುದೆಂದರೆ ಅರಬ್ಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿ ಪಡುವಣಕ್ಕೆ ಹೋಗುವುದು ಎಂದುಕೊಳ್ಳುತ್ತಾರೆ. ಶಾಲೆಯ ಗ್ಲೋಬ್ ತೆಗೆದುಕೊಂಡು ಒಂದು ದಾರದ ತುದಿಯನ್ನು ಹೈದರಾಬಾದಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ, ಇನ್ನೊಂದು ತುದಿಯನ್ನು ಡಲ್ಲಾಸ್ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಮೇಲಕ್ಕೆ ಸರಿದು, ಹಿಮಾಲಯ, ಸೈಬೀರಿಯ ದಾಟಿ, ಉತ್ತರ ಧ್ರುವದ ಪಕ್ಕದಲ್ಲೇ ಹಾದು, ಕೆನಡಾದ ಮೇಲಿಂದ ಇಳಿಯುತ್ತದೆ. ಹೈದರಾಬಾದ್ ಇರುವುದು ಪೂರ್ವ ರೇಖಾಂಶ 78ರ ಹತ್ತಿರ, ಡಲ್ಲಾಸ್ ಪಶ್ಚಿಮ 97ರ ಹತ್ತಿರ. ಎರಡನ್ನೂ ಕೂಡಿದರೆ 175. ಅಂದರೆ ಭೂಮಿಯ ಹೆಚ್ಚುಕಡಿಮೆ ಆಚೆಯ ಮಗ್ಗುಲು. ಆ ದಾರದ ಉದ್ದ ಸುಮಾರು 14,400 ಕಿಲೋಮೀಟರ್. ಮೊಬೈಲಿನಲ್ಲಿ ಬರುವ ‘ದೂರ’ ಹೆಚ್ಚಾಗಿ ಈ ದಾರದ ದೂರವೇ.

• ವಿಮಾನ ಮಾತ್ರ ದಾರದ ಮೇಲೆ ಹೋಗುವುದಿಲ್ಲ. ದುಬೈ ಮೇಲಿಂದ ಹೋದರೆ ಹೈದರಾಬಾದ್–ದುಬೈ ಸುಮಾರು 2,550 ಕಿಲೋಮೀಟರ್, ದುಬೈ–ಡಲ್ಲಾಸ್ ಸುಮಾರು 12,900, ಕೂಡಿದರೆ 15,500ರ ಹತ್ತಿರ. ಒಂದು ಸಾವಿರ ಕಿಲೋಮೀಟರ್ ಅಲ್ಲೇ ಹೆಚ್ಚಾಯಿತು. ನೇರ ಹೋಗುವ ವಿಮಾನಕ್ಕೂ ಗಾಳಿ, ಹವಾಮಾನ, ಕೆಳಗಿನ ದೇಶದ ಅನುಮತಿ ನೋಡಿ ದಾರಿ ಬದಲಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ದಾರಿಯಲ್ಲಿ ಎಲ್ಲೂ ಇಳಿಯದೆ ವಿಮಾನ ತಂದರು. ತಂಡದ ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಎರಡೂ ಊರುಗಳ ನೇರ ದೂರ 14,000ಕ್ಕೆ ತುಸು ಕಡಿಮೆ, ಹಾರಿದ್ದು ಸುಮಾರು 17 ಗಂಟೆ. ಅಲ್ಲಿ 9ನೇ ತಾರೀಕಿನ ರಾತ್ರಿ ಹೊರಟ ವಿಮಾನ ಇಲ್ಲಿ 11ನೇ ತಾರೀಕು ಬೆಳಗಿನ ಜಾವ ಇಳಿಯಿತು. ನಡುವಿನ ಹತ್ತನೇ ತಾರೀಕು ಎಲ್ಲಿ ಹೋಯಿತು ಎಂದು ಕೇಳುವ ಹುಡುಗರಿಗೆ ಉತ್ತರ ಮುಂದೆ ಗಡಿಯಾರದ ಮಾತಿನಲ್ಲಿದೆ.

• ಕೈಲೆಕ್ಕ ಬೇಕಾದರೆ ಹೀಗೆ ಮಾಡಿ: ಕಿಲೋಮೀಟರನ್ನು 850ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. ದುಬೈ–ಡಲ್ಲಾಸ್ ಹಾಕಿ ನೋಡಿ, ಹದಿನೈದೂ ಮುಕ್ಕಾಲು ಗಂಟೆ ಬರುತ್ತದೆ. ಅಂದಾಜಿಗೆ ಸಾಕು.

• ಇನ್ನು ಗಡಿಯಾರ. ಹೆಚ್ಚು ಜನ ಎಡವುವುದು ಇಲ್ಲೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಟಿಕೆಟ್ಟಿನ ಮೇಲೆ ಹೊರಡುವ ಹೊತ್ತು ಹೊರಡುವ ಊರಿನದು, ಮುಟ್ಟುವ ಹೊತ್ತು ಮುಟ್ಟುವ ಊರಿನದು. ಜುಲೈ ತಿಂಗಳ ಒಂದು ಪಯಣ ಇಟ್ಟುಕೊಳ್ಳೋಣ. ಮಂಗಳವಾರ ಬೆಳಗಿನ ಜಾವ 4ಕ್ಕೆ ಹೈದರಾಬಾದ್ ಬಿಡುತ್ತದೆ. ದುಬೈನಲ್ಲಿ 6.30ಕ್ಕೆ ಇಳಿಯುತ್ತದೆ. ಅಲ್ಲಿಂದ 10ಕ್ಕೆ ಹೊರಟು ಅದೇ ಮಂಗಳವಾರ ಸಂಜೆ 5ಕ್ಕೆ ಡಲ್ಲಾಸ್. ಟಿಕೆಟ್ ನೋಡಿದ ಅವ್ವ ಬೆರಳು ಮಡಚಿ, ‘ನಾಕರಿಂದ ಐದು, ಹದಿಮೂರು ತಾಸು’ ಎನ್ನುತ್ತಾಳೆ. ಈಗ ಎಲ್ಲವನ್ನೂ ನಮ್ಮ ಗಡಿಯಾರಕ್ಕೆ ತನ್ನಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಆದ್ದರಿಂದ ಅಲ್ಲಿಯ 6.30 ನಮ್ಮ 8. ಅಲ್ಲಿಯ 10 ನಮ್ಮ 11.30. ಡಲ್ಲಾಸ್ ಬೇಸಿಗೆಯಲ್ಲಿ ಹತ್ತೂವರೆ ಗಂಟೆ ಹಿಂದೆ, ಆದ್ದರಿಂದ ಅಲ್ಲಿಯ ಮಂಗಳವಾರ ಸಂಜೆ 5 ನಮ್ಮ ಬುಧವಾರ ಬೆಳಗಿನ ಜಾವ 3.30. ಮೊದಲ ವಿಮಾನ 4 ಗಂಟೆ, ದುಬೈನಲ್ಲಿ ಕಾಯುವುದು ಮೂರೂವರೆ, ಎರಡನೆಯದು 16. ಒಟ್ಟು ಇಪ್ಪತ್ತಮೂರೂವರೆ ಗಂಟೆ.

ಇದಕ್ಕೆ ಹೊಸ್ತಿಲಿನ ಲೆಕ್ಕ ಸೇರಿಸಿ. ನಡುರಾತ್ರಿಗೆ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣ ಸೇರಬೇಕೆಂದರೆ ಸೋಮವಾರ ರಾತ್ರಿ 8ಕ್ಕೇ ಮಾಗನೂರು ಬಿಡಬೇಕು. ಡಲ್ಲಾಸ್‌ನಲ್ಲಿ ಇಮಿಗ್ರೇಶನ್ ಸಾಲು, ಬ್ಯಾಗು, ಕಸ್ಟಮ್ಸ್, ಅಲ್ಲಿಂದ ಮನೆ ಎಂದರೆ ಇನ್ನೂ ಮೂರು ಗಂಟೆ. ನಮ್ಮ ಲೆಕ್ಕದಲ್ಲಿ ಬುಧವಾರ ಬೆಳಿಗ್ಗೆ 6.30. ಮನೆಯಿಂದ ಮನೆಗೆ ಮೂವತ್ತನಾಲ್ಕೂವರೆ ಗಂಟೆ ಆಯಿತು. ಅದರಲ್ಲಿ ಆಕಾಶದಲ್ಲಿದ್ದದ್ದು ಇಪ್ಪತ್ತೇ. ಮಗ ಎಷ್ಟು ದಣಿದು ಇಳಿಯುತ್ತಾನೆ ಎಂಬುದನ್ನು ಹೇಳುವ ಅಂಕಿ ಈ ಮೂವತ್ತನಾಲ್ಕೂವರೆ. ಅವನು ಇಳಿದ ದಿನವೇ ಕೆಲಸಕ್ಕೋ ತರಗತಿಗೋ ಹೋಗುತ್ತೇನೆಂದರೆ ಬೇಡ ಎನ್ನಿ.

• ಅಮೆರಿಕದ ಗಡಿಯಾರ ವರ್ಷಕ್ಕೆ ಎರಡು ಸಲ ಸರಿಯುತ್ತದೆ: ಮಾರ್ಚಿನ ಎರಡನೇ ಭಾನುವಾರ ಒಂದು ಗಂಟೆ ಮುಂದೆ, ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದೆ. ಆದ್ದರಿಂದ ಡಲ್ಲಾಸ್, ಶಿಕಾಗೋ ಬೇಸಿಗೆಯಲ್ಲಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಹಿಂದೆ. ನ್ಯೂಯಾರ್ಕ್ ಒಂಬತ್ತೂವರೆ, ಹತ್ತೂವರೆ. ಸ್ಯಾನ್ ಫ್ರಾನ್ಸಿಸ್ಕೋ ಹನ್ನೆರಡೂವರೆ, ಹದಿಮೂರೂವರೆ. ದುಬೈ, ಮಸ್ಕತ್ ಯಾವಾಗಲೂ ಒಂದೂವರೆ. ರಿಯಾದ್, ದೋಹಾ, ಕುವೈತ್ ಎರಡೂವರೆ. ಇದನ್ನು ಕ್ಯಾಲೆಂಡರಿನ ಹಿಂದೆ ಬರೆದು ಅಡುಗೆಮನೆಯಲ್ಲಿ ತೂಗುಹಾಕಿ.

• ನಡುರಾತ್ರಿಯ ತಾರೀಕು. ನಮ್ಮಿಂದ ಗಲ್ಫ್ ಕಡೆಗೆ ಹೋಗುವ ಬಹಳಷ್ಟು ವಿಮಾನಗಳು ಹೊರಡುವುದು ರಾತ್ರಿ ಹನ್ನೆರಡು ದಾಟಿದ ಮೇಲೆ. ಟಿಕೆಟ್ಟಿನಲ್ಲಿ 15ನೇ ತಾರೀಕು 2.30 ಎಂದಿದ್ದರೆ ನೀವು ಮನೆ ಬಿಡಬೇಕಾದದ್ದು 14ರ ಸಂಜೆ. ನಮ್ಮ ಊರ ಲೆಕ್ಕದಲ್ಲಿ ದಿನ ಬದಲಾಗುವುದು ಬೆಳಕು ಹರಿದಾಗ, ವಿಮಾನದ ಲೆಕ್ಕದಲ್ಲಿ ಹನ್ನೆರಡು ಹೊಡೆದಾಗ. ಹದಿನೈದರ ರಾತ್ರಿ ಊಟ ಮಾಡಿ, ಕಾಯಿ ಒಡೆದು, ಬಳಗದವರನ್ನೆಲ್ಲ ಕರೆದುಕೊಂಡು ಹೋಗಿ, ವಿಮಾನ ಹಿಂದಿನ ರಾತ್ರಿಯೇ ಹೋಯಿತೆಂದು ತಿಳಿದು ಅಳುತ್ತಾ ಹಿಂದಿರುಗಿದವರನ್ನು ಕಂಡಿದ್ದೇನೆ. ಆ ಟಿಕೆಟ್ಟಿನ ಹಣ ಒಂದು ಬೆಳೆಯ ಹಣ. ‘ಸೋಮವಾರ ಸಂಜೆ ಎಂಟಕ್ಕೆ ಮನೆ ಬಿಡುವುದು’ ಎಂದೇ ಎಲ್ಲರಿಗೂ ಹೇಳಿ, ವಿಮಾನದ ಹೊತ್ತನ್ನು ಹೇಳಲೇಬೇಡಿ.

• ಶಂಷಾಬಾದ್ ನಮ್ಮ ಪಾಲಿಗೆ ಅನುಕೂಲದ ನಿಲ್ದಾಣ. 2008ರ ಮಾರ್ಚ್ 23ಕ್ಕೆ ಅದು ಶುರುವಾಗುವ ಮೊದಲು ಬೇಗಂಪೇಟೆಯ ಹಳೆಯ ನಿಲ್ದಾಣಕ್ಕೆ ಹೋಗಲು ಇಡೀ ಹೈದರಾಬಾದ್ ದಾಟಬೇಕಿತ್ತು. ಈಗ ನಿಲ್ದಾಣ ನಗರಕ್ಕೆ ಮೊದಲೇ, ನಮ್ಮ ಕಡೆಗೇ ಇದೆ. ಮಕ್ತಲ್, ಮರಿಕಲ್, ದೇವರಕದ್ರ, ಮಹಬೂಬನಗರ, ಜಡ್ಚೆರ್ಲ, ಅಲ್ಲಿಂದ ದೊಡ್ಡ ಹೆದ್ದಾರಿ. ಒಟ್ಟು ನೂರೈವತ್ತು ಕಿಲೋಮೀಟರಿನ ಆಸುಪಾಸು, ಕಾರಿನಲ್ಲಿ ಮೂರು ಗಂಟೆ. ನಾನು ನಾಲ್ಕು ಎಂದೇ ಹಿಡಿಯುತ್ತೇನೆ. ಟೈರ್ ಪಂಕ್ಚರ್ ಆಗಲಿಕ್ಕೆ, ಮಹಬೂಬನಗರದಲ್ಲಿ ಮೆರವಣಿಗೆ ಸಿಗಲಿಕ್ಕೆ, ಮರೆತ ಫೈಲಿಗಾಗಿ ಅರ್ಧ ದಾರಿಯಿಂದ ಹಿಂದಿರುಗಲಿಕ್ಕೆ ಆ ಒಂದು ಗಂಟೆ ಬೇಕು. ವಿಮಾನಕ್ಕೆ ಮೂರು ಗಂಟೆ ಮೊದಲು ಒಳಗಿರಬೇಕು, ಅಮೆರಿಕಕ್ಕಾದರೆ ನಾಲ್ಕು. ಬ್ಯಾಗು ಕೊಡುವ ಕೌಂಟರ್ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಕೆಲವೊಮ್ಮೆ ಇನ್ನೂ ಬೇಗ. ಮುಚ್ಚಿದ ಮೇಲೆ ಯಾರ ಕೈಕಾಲು ಹಿಡಿದರೂ ತೆರೆಯುವುದಿಲ್ಲ.

• ಬಸ್ಸಿನಲ್ಲಿ ಹೋಗುವವರು ಶಂಷಾಬಾದಿನಲ್ಲೇ ಇಳಿಯಿರಿ, ಮೂಟೆ ಹೊತ್ತು ನಗರದ ಒಳಗೆ ಹೋಗಿ ಮತ್ತೆ ಹಿಂದೆ ಬರಬೇಡಿ. ರೈಲೂ ಅಷ್ಟೆ. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ಹೊಸ ಮಾರ್ಗ ತೆರೆದು ನಮ್ಮ ಕಡೆಗೆ ಕಾಚಿಗುಡ ರೈಲು ಬಂದದ್ದು ದೊಡ್ಡ ಉಪಕಾರ. ಆದರೆ ಕಾಚಿಗುಡ ನಗರದ ನಡುವೆ ಇದೆ. ಹಗಲು ಹೋಗಿ ನೆಂಟರ ಮನೆಯಲ್ಲಿ ತಂಗಿ ರಾತ್ರಿ ವಿಮಾನ ಹಿಡಿಯುವವರಿಗೆ ಮಾತ್ರ ಅದು ಸರಿ.

• ನಕ್ಷೆಯಲ್ಲಿ ಹತ್ತಿರವಿರುವ ನಿಲ್ದಾಣ ನೋಡಿ ಮೋಸಹೋಗಬೇಡಿ. ಕಲಬುರಗಿ (2019ರಲ್ಲಿ ಶುರು) ಮತ್ತು ಕರ್ನೂಲಿನ ಓರ್ವಕಲ್ಲು (2021ರಲ್ಲಿ ಶುರು) ನಮಗೆ ಶಂಷಾಬಾದಿಗಿಂತ ಹತ್ತಿರವೇ. ಆದರೆ ಅಲ್ಲಿಂದ ಹೊರದೇಶಕ್ಕೆ ನೇರ ವಿಮಾನ ಇಲ್ಲ. ಬೆಂಗಳೂರಿನಿಂದ ಟಿಕೆಟ್ ಅಗ್ಗ ಸಿಕ್ಕಿತು ಎನ್ನುವವರು ರಾಯಚೂರಿನಿಂದ ಒಂದು ರಾತ್ರಿಯ ರೈಲು, ಬೆಂಗಳೂರು ರೈಲು ನಿಲ್ದಾಣದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ, ಕಳಿಸಲು ಬಂದವರ ಖರ್ಚು ಎಲ್ಲ ಕೂಡಿಸಿ ಆಮೇಲೆ ಅಗ್ಗ ಎನ್ನಿ.

• ನಡುವೆ ಇಳಿದು ವಿಮಾನ ಬದಲಿಸುವ ಹೊತ್ತು ಮೂರು ಗಂಟೆಗೆ ಕಡಿಮೆ ಇರಬಾರದು, ಆರಕ್ಕೆ ಹೆಚ್ಚು ಬೇಡ. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿರಲಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನ ಹತ್ತಿಸುವ ಜವಾಬ್ದಾರಿ ಅವರದು. ಬೇರೆಬೇರೆ ಟಿಕೆಟ್ ತೆಗೆದರೆ ಜವಾಬ್ದಾರಿ ನಿಮ್ಮದು. ದಿಲ್ಲಿ ಮೇಲಿಂದ ಹೋಗುವವರು ಡಿಸೆಂಬರ್, ಜನವರಿಯಲ್ಲಿ ಅಲ್ಲಿಯ ಮಂಜನ್ನು ನೆನಪಿಡಿ. ಬೆಳಗಿನ ವಿಮಾನಗಳು ಗಂಟೆಗಟ್ಟಲೆ ನಿಲ್ಲುತ್ತವೆ.

• ಅಮೆರಿಕದೊಳಗೆ ಇನ್ನೊಂದು ವಿಮಾನ ಇದ್ದರೆ, ಮೊದಲು ಇಳಿದ ಊರಲ್ಲೇ ಇಮಿಗ್ರೇಶನ್ ಮುಗಿಸಬೇಕು. ಸಾಮಾನ್ಯವಾಗಿ ಬ್ಯಾಗನ್ನೂ ಅಲ್ಲೇ ತೆಗೆದು ಕಸ್ಟಮ್ಸ್ ದಾಟಿಸಿ ಮತ್ತೆ ಕೊಡಬೇಕು. ಅದಕ್ಕೆ ಎರಡು ಗಂಟೆ ಸಾಲದು.

• ಊರಿನ ಹೆಸರು ಒಂದೇ ಇದ್ದರೂ ನಿಲ್ದಾಣ ಬೇರೆ ಇರುತ್ತದೆ. ನ್ಯೂಯಾರ್ಕಿಗೆ ಕೆನಡಿ ನಿಲ್ದಾಣವೂ ಇದೆ, ಪಕ್ಕದ ನ್ಯೂಜೆರ್ಸಿಯ ನೆವಾರ್ಕ್ ಕೂಡ ಇದೆ. ಲಂಡನ್ನಿಗೆ ಹೀಥ್ರೂ, ಗ್ಯಾಟ್ವಿಕ್. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವ ಟಿಕೆಟ್ ಎಷ್ಟು ಅಗ್ಗವಾದರೂ ಬೇಡ. ಲಂಡನ್ ದಾರಿಯಾದರೆ ಟ್ರಾನ್ಸಿಟ್ ವೀಸಾ ಬೇಕೇ ಎಂದು ಹಣ ಕಟ್ಟುವ ಮೊದಲೇ ಕೇಳಿ.

• ಹೋಗುವಾಗ ಹೊತ್ತು ಹೆಚ್ಚು, ಬರುವಾಗ ಕಡಿಮೆ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಹೊಳೆಯೊಂದು ಹರಿಯುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ದುಬೈಗೆ ಹೋಗಲು ನಾಲ್ಕು ಗಂಟೆಯಾದರೆ ಬರಲು ಮೂರೂವರೆ. ಡಲ್ಲಾಸ್‌ನಿಂದ ದುಬೈಗೆ ಬರುವಾಗಲೂ ಒಂದು ಗಂಟೆಗೆ ಕಡಿಮೆಯಿಲ್ಲದಂತೆ ಉಳಿಯುತ್ತದೆ.

• ಹೋದ ವರ್ಷ ಹೋದವರು ಹೇಳಿದ ಗಂಟೆಯನ್ನು ಈ ವರ್ಷಕ್ಕೆ ನಂಬಬೇಡಿ. 2022ರ ಯುಕ್ರೇನ್ ಯುದ್ಧದ ನಂತರ ಅಮೆರಿಕ, ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಅದೇ ವರ್ಷ ಜೂನ್ 23ರಂದು ಕತಾರ್ ತನ್ನ ಆಕಾಶವನ್ನು ಕೆಲವು ಗಂಟೆ ಮುಚ್ಚಿದ್ದರಿಂದ ದೋಹಾಕ್ಕೆ ಹೊರಟಿದ್ದ ವಿಮಾನಗಳು ಬೇರೆಬೇರೆ ಊರಲ್ಲಿ ಇಳಿದವು. ಹೈದರಾಬಾದ್–ಶಿಕಾಗೋ ನೇರ ವಿಮಾನ ಕೂಡ 2021ರಲ್ಲಿ ಬಂದು ಕೆಲಕಾಲ ಹಾರಿ ನಿಂತುಹೋಯಿತು. ಟಿಕೆಟ್ ತೆಗೆಯುವ ದಿನ ಒಮ್ಮೆ, ಹೊರಡುವ ಹಿಂದಿನ ದಿನ ಒಮ್ಮೆ ಹೊತ್ತು ಖಚಿತ ಮಾಡಿಕೊಳ್ಳಿ. ಕೈಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಇರಲಿ.

• ಬಾಣಂತನಕ್ಕೆ ಹೋಗುವ ತಾಯಂದಿರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಇಷ್ಟೇ ಬಲ್ಲ ಹೆಣ್ಣುಮಗಳು ಒಬ್ಬಳೇ ದುಬೈನಲ್ಲಿ ವಿಮಾನ ಬದಲಿಸಬೇಕು. ಅಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ನಡೆಯುವುದೇ ಅರ್ಧ ಗಂಟೆಯಾದೀತು, ಕೆಲವೆಡೆ ಒಳಗೇ ರೈಲು ಹತ್ತಬೇಕು. ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ಕೇಳಿ ಬರೆಸಿ. ‘ಕಾಲು ಗಟ್ಟಿ ಅದಾವ, ನನಗ್ಯಾಕ?’ ಎಂದು ಅವರು ಬೇಡವೆನ್ನುತ್ತಾರೆ. ಒಪ್ಪಿಸಿ. ಹೊರಡುವ ಕೌಂಟರಿನಿಂದ ಮಗಳ ಕೈ ಹಿಡಿಯುವವರೆಗೆ ಜೊತೆಗೆ ಒಬ್ಬರು ಇರುತ್ತಾರೆ ಎಂಬುದು ಅದರ ಪ್ರಯೋಜನ.

ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ: ಎಲ್ಲಿಗೆ, ಯಾರ ಮನೆಗೆ, ವಿಳಾಸ, ಫೋನ್, ಯಾಕೆ ಬಂದದ್ದು, ಯಾವಾಗ ಹಿಂದಿರುಗುವುದು. ಅದರ ಬೆನ್ನಿಗೆ ಕನ್ನಡದಲ್ಲಿ ಪಯಣದ ಕ್ರಮ ಬರೆಯಿರಿ, ‘ಮೊದಲ ಊಟ, ಎರಡನೆಯ ಊಟ, ಇಳಿಯುವುದು, ಹೊಸ ವಿಮಾನ’ ಎಂದು. ಕೈಗಡಿಯಾರ ನಮ್ಮ ಹೊತ್ತಿನಲ್ಲೇ ಇರಲಿ, ಬದಲಿಸಬೇಡಿ. ಎರಡನೇ ವಿಮಾನ ಹತ್ತಿದ ಮೇಲೆ ಹದಿನಾರು ತಾಸು ಎಂದು ಅವರೇ ಎಣಿಸಿಕೊಳ್ಳುತ್ತಾರೆ. ಎಣಿಸಲು ಬಂದರೆ ಹೆದರಿಕೆ ಅರ್ಧ ಇಳಿಯುತ್ತದೆ.

• ಬಿಪಿ, ಸಕ್ಕರೆಯ ಮಾತ್ರೆ, ಇನ್ಸುಲಿನ್ ಕೈಬ್ಯಾಗಿನಲ್ಲೇ ಇರಲಿ, ವೈದ್ಯರ ಚೀಟಿ ಸಮೇತ. ಕೆಳಗಿನ ಸಾಮಾನಿನಲ್ಲಿಟ್ಟರೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು, ಬ್ಯಾಗು ತಪ್ಪಿದರೆ ಮದ್ದೂ ತಪ್ಪುತ್ತದೆ. ಬೆಳಗಿನ ಮಾತ್ರೆ ಯಾವ ಊರಿನ ಬೆಳಗಿಗೆ ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಎರಡು ತಾಸಿಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯಿರಿ. ಹದಿನಾರು ಗಂಟೆ ಕಾಲು ಇಳಿಬಿಟ್ಟು ಕೂತರೆ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಅಲ್ಲಿ ಇಳಿದ ಮೇಲೆ ನಿದ್ದೆ ಸರಿಯಾಗಲು ಒಂದು ವಾರದ ಮೇಲೇ ಬೇಕಾದೀತು. ಹಗಲು ಬಿಸಿಲಿನಲ್ಲಿ ತಿರುಗಾಡಿದರೆ ಬೇಗ ಒಗ್ಗುತ್ತದೆ.

• ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ, ಹಾದಿಗೆ ಅದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ. ಉಪ್ಪಿನಕಾಯಿ ಕೈಬ್ಯಾಗಿನಲ್ಲಿ ಬೇಡ. ಒಣಕೊಬ್ಬರಿಯನ್ನು ವಿಮಾನದ ಭದ್ರತೆಯವರು ತೆಗೆದಿಡುತ್ತಾರೆ. ಗಸಗಸೆ ಒಂದು ಚಮಚ ಕೂಡ ಬೇಡ. ದುಬೈ, ಸೌದಿಯಲ್ಲಿ ಅದು ಮಾದಕವಸ್ತುವಿನ ಪಟ್ಟಿಯಲ್ಲಿದೆ, ಜೈಲಿನವರೆಗೆ ಹೋದವರಿದ್ದಾರೆ. ಕೆಮ್ಮಿನ ಸಿರಪ್, ನೋವಿನ ಮಾತ್ರೆಗಳಲ್ಲೂ ಅಲ್ಲಿ ನಿಷೇಧಿತವಾದವು ಇವೆ.

• ಗಲ್ಫಿಗೆ ಕೂಲಿಗೆ ಹೋಗುವ ತಮ್ಮಂದಿರೇ, ನಿಮ್ಮ ವಿಮಾನದ ದಾರಿ ಹೆಚ್ಚಾಗಿ ಐದು ಗಂಟೆಯ ಆಸುಪಾಸಿನದು. ಆದರೆ ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿ ಬೇಕು, ಅದಿಲ್ಲದೆ ಕೆಲಸದ ವೀಸಾ ಹಿಡಿದು ಹೋದರೆ ಶಂಷಾಬಾದಿನಿಂದಲೇ ಹಿಂದೆ ಕಳಿಸುತ್ತಾರೆ. ಸರ್ಕಾರದಲ್ಲಿ ನೋಂದಾಯಿಸಿದ ಏಜೆಂಟರ ಮೂಲಕವೇ ಹೋಗಿ.

• ಓದಲು ಅಮೆರಿಕಕ್ಕೆ ಹೋಗುವವರು ಅಲ್ಲಿಯ ಕಾಲೇಜು ಕೊಟ್ಟ ಐ–20 ಕಾಗದವನ್ನು ಕೈಯಲ್ಲೇ ಇಟ್ಟುಕೊಳ್ಳಿ. ಅದರಲ್ಲಿರುವ ಕೋರ್ಸ್ ಶುರುವಾಗುವ ದಿನಕ್ಕೆ 30 ದಿನಕ್ಕಿಂತ ಮುಂಚೆ ಅಲ್ಲಿ ಇಳಿಯುವಂತಿಲ್ಲ.

• ಮನೆಯಲ್ಲಿರುವವರಿಗೂ ಒಂದು ಮಾತು. ವಿಮಾನ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡುವ ಆ್ಯಪ್‌ಗಳು ಬಂದಿವೆ. ಸಮುದ್ರದ ಮೇಲೆ, ಧ್ರುವದ ಕಡೆ ಹೋದಾಗ ಆ ಪುಟ್ಟ ಹಳದಿ ಗುರುತು ಒಮ್ಮೊಮ್ಮೆ ಮಾಯವಾಗುತ್ತದೆ. ಅಲ್ಲಿ ಸಂಕೇತ ಹಿಡಿಯುವ ಉಪಕರಣ ಕಡಿಮೆ, ಅಷ್ಟೇ. ಗಾಬರಿಯಾಗಿ ಊರೆಲ್ಲ ಎಬ್ಬಿಸಬೇಡಿ. ಇಳಿದ ಕೂಡಲೇ ಫೋನ್ ಬರಲಿಲ್ಲವೆಂದರೆ ಇಮಿಗ್ರೇಶನ್ ಸಾಲಿನಲ್ಲಿ ನಿಂತಿದ್ದಾರೆ ಎಂದು ತಿಳಿಯಿರಿ, ಅಲ್ಲಿ ಫೋನ್ ಬಳಸಬಾರದು. ಮೂರು ಗಂಟೆ ತಡೆಯಿರಿ.

ಹೋಗಿಬಂದವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಊರಿಗೆ ಬಂದಾಗ ಮಾಗನೂರು, ಕೃಷ್ಣಾ, ಮಕ್ತಲ್ ಕಡೆಯ ಯಾವುದಾದರೂ ಶಾಲೆಯಲ್ಲಿ ಒಂದು ಗಂಟೆ ಕುಳಿತು, ಗ್ಲೋಬಿನ ಮೇಲೆ ನೀವು ಹೋದ ದಾರಿಯನ್ನು ದಾರ ಎಳೆದು ತೋರಿಸಿ, ನಿಮ್ಮ ಹಳೆಯ ಟಿಕೆಟ್ಟಿನ ಹೊತ್ತನ್ನು ಮಕ್ಕಳ ಕೈಯಲ್ಲೇ ನಮ್ಮ ಗಡಿಯಾರಕ್ಕೆ ತರಿಸಿ. ಗ್ಲೋಬ್ ಇಲ್ಲದ ಶಾಲೆಯಾದರೆ ಒಂದು ಕೊಂಡು ಹೋಗಿ.